ಡಬ್ಬಿಗೆ ಎಷ್ಟು ರೊಕ್ಕ ಹಾಕಬೇಕು?

ಪ್ರೀತಿಯ ತಮ್ಮಾ,

ನಿನ್ನ ಪತ್ರ ಮುಟ್ಟಿತು. ಕಡಲೆ ರಾಶಿ ಚಲೋ ಆಗಿದೆ, ಅಣ್ಣಿಗೇರಿ ಪೇಟೆಯಲ್ಲಿ ದರವೂ ಸಿಕ್ಕಿದೆ ಎಂದು ಓದಿ ಭಾಳ ಸಂತೋಷವಾಯಿತು. ಆ ರೊಕ್ಕದಲ್ಲಿ ಒಂದು ಪಾಲು ನಿನ್ನ ಗೇಮಿಂಗ್ ಕಂಪ್ಯೂಟರಿಗೆ ಎಂದು ಅಪ್ಪನವರು ಒಪ್ಪಿದ್ದಾರಲ್ಲ, ಅದು ಸಣ್ಣ ಮಾತಲ್ಲ. ರೈಜನ್ 5 5600 ಪ್ರೊಸೆಸರ್, ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ ಎಂದು ಗೊತ್ತು ಮಾಡಿಕೊಂಡಿದ್ದೀಯ. ಒಂದಕ್ಕೊಂದು ಹೊಂದುವ ಜೋಡಿ, ನನ್ನ ತಕರಾರಿಲ್ಲ. ಕ್ಯಾಬಿನೆಟ್ ಹತ್ತಿರ ಬಂದಾಗ ಮಾತ್ರ ನಿನ್ನ ಮನಸ್ಸು ತೂಗಾಡಿದೆ. ಎದುರಿಗೂ ಪಕ್ಕಕ್ಕೂ ಪೂರ್ತಿ ಗಾಜಿರುವ ಒಂದನ್ನು ಇಷ್ಟಪಟ್ಟು ಅದಕ್ಕೆಂದು 7,500 ರೂಪಾಯಿ ತೆಗೆದಿಟ್ಟಿದ್ದೀಯ. ಅಪ್ಪನವರು “ಬರೇ ಡಬ್ಬಿಗೆ ಇಷ್ಟ್ಯಾಕಪಾ ರೊಕ್ಕಾ?” ಎಂದು ಕೇಳಿದರಂತೆ.

ಅವರು ಕೇಳಿದ್ದು ಸರಿಯಾಗಿಯೇ ಇದೆ. ಡಬ್ಬಿಗೆ ಅಷ್ಟು ರೊಕ್ಕ ಬೇಡ. ಆದರೆ ಸಿಕ್ಕ ಯಾವುದೋ ಡಬ್ಬಿಯೂ ನಡೆಯುವುದಿಲ್ಲ. ಬೆಂಗಳೂರಿನಲ್ಲಿ ಫ್ಲ್ಯಾಟಿನ ಏಸಿ ಕೋಣೆಯಲ್ಲಿ ಕೂತು ಆಡುವವನಿಗೆ ಸಲ್ಲುವ ಕ್ಯಾಬಿನೆಟ್ ಬೇರೆ, ಎರೆಹೊಲದ ನಡುವಿನ ಊರಿನಲ್ಲಿ ನಿನ್ನ ಪಡಸಾಲೆಗೆ ಸಲ್ಲುವುದು ಬೇರೆ. ನಮ್ಮ ಕಡೆಯ ಮಣ್ಣು, ಬಿಸಿಲು, ಕರೆಂಟು, ಇಲಿ ಇವು ನಾಲ್ಕನ್ನೂ ಲೆಕ್ಕಕ್ಕೆ ಹಿಡಿದು ಬರೆಯುತ್ತೇನೆ, ಸಾವಕಾಶವಾಗಿ ಓದು.

ಮೊದಲು ಬಿಸಿಯ ಮಾತು. ನಿನ್ನ ಪ್ರೊಸೆಸರ್ ಲೆಕ್ಕ 65 ವ್ಯಾಟ್, ಕಾರ್ಡಿನ ಲೆಕ್ಕ 132 ವ್ಯಾಟ್. ದೊಡ್ಡ ಆಟ ನಡೆದಾಗ ಹೆಚ್ಚುಕಡಿಮೆ 200 ವ್ಯಾಟ್ ಪೂರ್ತಿ ಬಿಸಿಯಾಗಿ ಆ ಪೆಟ್ಟಿಗೆಯೊಳಗೆ ಬೀಳುತ್ತದೆ. ಹಳೆಯ ಕಾಲದ ನೂರು ವ್ಯಾಟಿನ ಎರಡು ಬಲ್ಬು ಪೆಟ್ಟಿಗೆಯಲ್ಲಿಟ್ಟು ಬಾಗಿಲು ಹಾಕಿದ ಹಾಗೆ. ಅದನ್ನು ಹೊರಗೆ ಹಾಕುವುದಷ್ಟೇ ಫ್ಯಾನಿನ ಕೆಲಸ. ಕೋಣೆಯ ಉಷ್ಣತೆಗಿಂತ ಕೆಳಗೆ ಯಾವ ಫ್ಯಾನೂ ಇಳಿಸುವುದಿಲ್ಲ. ಏಪ್ರಿಲ್ ಮಧ್ಯಾಹ್ನ ನಿನ್ನ ಕೋಣೆಯೇ 37, 38 ಡಿಗ್ರಿ ಇದ್ದರೆ ಒಳಗಿನ ಲೆಕ್ಕ ಅಲ್ಲಿಂದ ಮೇಲಕ್ಕೆ ಶುರುವಾಗುತ್ತದೆ. ಎದುರಿಗೆ ಗಾಜಿದ್ದರೆ ಗಾಳಿ ಬದಿಯ ಸಣ್ಣ ಸೀಳುಗಳಿಂದ ನುಸುಳಿ ಬರಬೇಕು. ಫ್ಯಾನು ಒದ್ದಾಡುತ್ತದೆ, ಸದ್ದು ಏರುತ್ತದೆ, ಚಿಪ್ ತನ್ನ ಮಿತಿಯ ಹತ್ತಿರ ಬಂದಾಗ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಆಟ ನಡುವೆ ಮುಗ್ಗರಿಸಿದರೆ ನೀನು ಕಾರ್ಡನ್ನು ಬೈಯುತ್ತೀಯ, ತಪ್ಪು ಗಾಜಿನದು.

ಆದ್ದರಿಂದ ಎದುರಿನ ಮುಖ ಪೂರ್ತಿ ಜಾಳಿಗೆಯದಿರಲಿ. ಇದರಲ್ಲಿ ನನ್ನ ಮನಸ್ಸು ಗಟ್ಟಿ. ಪಕ್ಕಕ್ಕೆ ಒಂದು ಗಾಜು ಇರಲಿ, ಒಳಗಿನ ಬೆಳಕು ನೋಡುವ ಆಸೆ ನಿನಗಿದೆ, ಅದು ವಯಸ್ಸಿಗೆ ಸಹಜ. ಎದುರಿಗೆ ಮಾತ್ರ ಗಾಜು ಬೇಡ.

ಈಗ ಮಣ್ಣು. ಜಾಳಿಗೆ ಎಂದ ಕೂಡಲೇ “ಅಣ್ಣಾ, ಧೂಳು ಒಳಗ ಹೋಗೂದಿಲ್ಲೇನು?” ಎಂದು ನೀನು ಕೇಳುತ್ತೀಯ. ಹೋಗುತ್ತದೆ, ಅದಕ್ಕೇ ಹೆಚ್ಚು ಬರೆಯಬೇಕಾಗಿದೆ. ನಿಮ್ಮ ಅಣ್ಣಿಗೇರಿ, ನವಲಗುಂದ, ಕುಂದಗೋಳದ ಎರೆಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚು, ಕಣ ಭಾಳ ನುಣುಪು. ಹಿಂಗಾರಿ ರಾಶಿ ಹೊತ್ತಿಗೆ ಹೊಲ ಬಿರಿದಿರುತ್ತದೆ, ಮಷಿನ್ ಎಬ್ಬಿಸಿದ ಕಡಲೆ ಹೊಟ್ಟು, ಜೋಳದ ರವದಿಯ ಪುಡಿ ಆ ಮಣ್ಣಿಗೆ ಸೇರಿ ಕಿಟಕಿಯ ಸಂದಿಯಲ್ಲೂ ಬರುತ್ತದೆ. ಅಂಥ ಊರಿನಿಂದ ರಿಪೇರಿಗೆ ಬಂದ ಒಂದು ಕಂಪ್ಯೂಟರನ್ನು ಬಿಚ್ಚಿ ನೋಡಿದ್ದು ನೆನಪಿದೆ. ಪ್ರೊಸೆಸರ್ ಮೇಲಿನ ಅಲ್ಯೂಮಿನಿಯಂ ಹಲ್ಲುಗಳ ನಡುವೆ ಬೂದು-ಕಪ್ಪು ಪದರ ಕೂತಿತ್ತು. ಬೆರಳಿನಿಂದ ಎತ್ತಿದರೆ ಪುಡಿಯಾಗಲಿಲ್ಲ, ಅಂಚು ಸಮೇತ ಹಾಳೆಯಾಗಿ ಎದ್ದು ಬಂತು. ಮಣ್ಣು ಬೇಸಿಗೆಯಲ್ಲಿ ಕೂತು, ಮೃಗಶಿರ ಮಳೆಯ ತಂಪಿಗೆ ಪಸೆ ಹಿಡಿದು, ಮತ್ತೆ ಮಷಿನಿನ ಬಿಸಿಗೆ ಒಣಗಿ ಗಟ್ಟಿಯಾಗಿತ್ತು. ಬ್ರಶ್ಶಿಗೆ ಬಗ್ಗಲಿಲ್ಲ. ಅದರೊಳಗೆ ಹತ್ತಿಯ ಎಳೆ ಕೂಡ ಇತ್ತು. ದರ ಏರಲಿ ಎಂದು ಹತ್ತಿಯನ್ನು ಮನೆಯಲ್ಲೇ ಒಟ್ಟಿಟ್ಟುಕೊಳ್ಳುವುದು ನಮ್ಮಲ್ಲಿ ರೂಢಿ. ಆ ಎಳೆ ಹೋಗಿ ಜಾಳಿಗೆಗೆ ಹತ್ತಿದರೆ ಗಾಳಿಯ ದಾರಿಯೇ ಮುಚ್ಚುತ್ತದೆ. ನಿಮ್ಮ ಪಡಸಾಲೆಯಲ್ಲಿ ಹತ್ತಿ ಇದ್ದರೆ ಕಂಪ್ಯೂಟರ್ ಒಳಕೋಣೆಗೆ ಹೋಗಲಿ.

ಧೂಳು ತಡೆಯಲು ಕಿಂಡಿ ಮುಚ್ಚಬೇಕಿಲ್ಲ, ಗಾಳಿಗೆ ಒಂದೇ ಬಾಗಿಲು ಇಟ್ಟು ಆ ಬಾಗಿಲಿಗೆ ಸೋಸುವ ಪರದೆ ಹಾಕಬೇಕು. ಎದುರಿನಿಂದ 120 ಮಿಲಿಮೀಟರಿನ ಮೂರು ಫ್ಯಾನು ಗಾಳಿ ಎಳೆಯಲಿ, ಹಿಂದಿನಿಂದ ಒಂದೇ ಒಂದು ಹೊರಗೆ ತಳ್ಳಲಿ. ಆಗ ಒಳಗಿನ ಒತ್ತಡ ಹೊರಗಿಗಿಂತ ತುಸು ಹೆಚ್ಚಿರುತ್ತದೆ. ಸಂದಿಗೊಂದಿಗಳಿಂದ ಗಾಳಿ ಹೊರಗೆ ಹೋಗುತ್ತದೆಯೇ ಹೊರತು ಧೂಳು ಒಳಗೆ ಬರುವುದಿಲ್ಲ. ಒಳಬರುವ ಗಾಳಿಯೆಲ್ಲ ಎದುರಿನ ಫಿಲ್ಟರ್ ದಾಟಿಯೇ ಬರಬೇಕು. ಕೆಲವು ಕ್ಯಾಬಿನೆಟ್ಟಿನಲ್ಲಿ ಮೇಲೆ ಎರಡು, ಹಿಂದೆ ಒಂದು ಹೊರಗೆ ಊದುವ ಫ್ಯಾನು ಹಾಕಿ ಎದುರಿಗೆ ಏನೂ ಹಾಕಿರುವುದಿಲ್ಲ. ಅವು ಹೊರಗಿನ ಧೂಳನ್ನು ಎಲ್ಲ ಸಂದಿಯಿಂದಲೂ ಎಳೆದುಕೊಳ್ಳುತ್ತವೆ. ಜೋಡಿಸಿದ ಮೇಲೆ ಒಂದು ಊದುಬತ್ತಿ ಹಚ್ಚಿ, ಕ್ಯಾಬಿನೆಟ್ಟಿನ ಹಿಂದೆ ಕಾರ್ಡಿನ ಪಟ್ಟಿಗಳ ಹತ್ತಿರ ಹಿಡಿದು ನೋಡು. ಹೊಗೆ ದೂರ ಸರಿದರೆ ಸರಿಯಿದೆ. ಒಳಗೆ ಹೋದರೆ ಹಿಂದಿನ ಫ್ಯಾನಿನ ವೇಗ ಇಳಿಸು.

ಫಿಲ್ಟರ್ ಇದೆಯೋ ಇಲ್ಲವೋ ಎನ್ನುವುದಕ್ಕಿಂತ ಅದನ್ನು ಎಷ್ಟು ಸುಲಭವಾಗಿ ತೆಗೆಯಬಹುದು ಎಂದು ನೋಡು. ಅಂಗಡಿಯಲ್ಲೇ ತೆಗೆದು ಹಾಕಿ ನೋಡು, ಸಂಕೋಚ ಬೇಡ. ಎದುರಿನ ಮುಖ ಎಳೆದರೆ ಟಕ್ ಎಂದು ಬರಬೇಕು, ಅದಕ್ಕೆ ವೈರು ಅಂಟಿಕೊಂಡಿರಬಾರದು. ಮಷಿನಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಕೆಳಗಿರುತ್ತದೆ, ಅದರ ಫಿಲ್ಟರ್ ಹಿಂದಿನಿಂದ ಜಾರಿಸಿ ತೆಗೆಯುವಂಥದ್ದಾದರೆ ಪ್ರತಿಸಲ ಪೂರ್ತಿ ಪೆಟ್ಟಿಗೆ ಎಳೆದು ತಿರುಗಿಸಬೇಕು. ಎದುರಿನಿಂದಲೋ ಬದಿಯಿಂದಲೋ ಬರುವಂತಿದ್ದರೆ ನೀನು ತೊಳೆಯುತ್ತೀಯ, ಇಲ್ಲದಿದ್ದರೆ ನಾಳೆ ನಾಡಿದ್ದು ಎಂದು ಮುಂದೂಡುತ್ತೀಯ. ರಾಶಿ ಹಂಗಾಮಿನಲ್ಲಿ ವಾರಕ್ಕೊಮ್ಮೆ, ಉಳಿದ ದಿನ ತಿಂಗಳಿಗೊಮ್ಮೆ ನೀರಿನಲ್ಲಿ ತೊಳೆದು ನೆರಳಿಗೆ ಒಣಗಿಸಿ ಹಾಕು.

ನಿಮ್ಮದು ಮೇಲ್ಮುದ್ದೆ ಮನೆಯಲ್ಲವೇ? ಮಣ್ಣಿನ ಮಾಳಿಗೆಯಿಂದ ಸಣ್ಣಗೆ ಮಣ್ಣು ಉದುರುತ್ತಲೇ ಇರುತ್ತದೆ. ಇವತ್ತಿನ ಬಹುಪಾಲು ಕ್ಯಾಬಿನೆಟ್ಟಿನ ನೆತ್ತಿ ಪೂರ್ತಿ ತೂತು. ಅಲ್ಲಿ ಮ್ಯಾಗ್ನೆಟ್ಟಿನಿಂದ ಅಂಟುವ ಫಿಲ್ಟರ್ ಕೊಟ್ಟಿದ್ದಾರೆಯೇ ನೋಡಿಕೋ. ನಿನ್ನ ಜೋಡಣೆಗೆ ಮೇಲಿನ ಫ್ಯಾನು ಬೇಕಾಗಿಲ್ಲ, ಆದ್ದರಿಂದ ಆ ಫಿಲ್ಟರಿನ ಕೆಳಗೆ ಒಂದು ದಪ್ಪ ಪ್ಲಾಸ್ಟಿಕ್ ಹಾಳೆ ಅಳತೆಗೆ ಕತ್ತರಿಸಿ ಹಾಕಿಬಿಡು. ಮೇಲಿನಿಂದ ಬೀಳುವುದು ಅಲ್ಲಿಗೇ ನಿಲ್ಲುತ್ತದೆ.

ಕಲಘಟಗಿ ಕಡೆಯ ಗೆಳೆಯನೂ ಕೇಳಿದ್ದಾನೆ ಎಂದು ಬರೆದಿದ್ದೀಯ. ಅವನ ಊರಿನ ಲೆಕ್ಕವೇ ಬೇರೆ. ಅದು ಮಲೆನಾಡಿನ ಸೆರಗು, ಮಳೆ ಹೆಚ್ಚು, ಹಂಚಿನ ಮನೆ, ಭತ್ತದ ಗದ್ದೆ. ಅಲ್ಲಿ ಧೂಳಿಗಿಂತ ತೇವದ ಕಾಟ, ಸಂಜೆ ದೀಪಕ್ಕೆ ಬರುವ ಹುಳ, ಬೆಚ್ಚಗಿನ ಜಾಗ ಹುಡುಕುವ ಇರುವೆ. ಅವನು ಬಣ್ಣ ಚೆನ್ನಾಗಿ ಕೂತ ಕ್ಯಾಬಿನೆಟ್ ನೋಡಲಿ, ಸ್ಕ್ರೂ ತೂತಿನ ಅಂಚಿನಲ್ಲಿ ಬಣ್ಣ ಎದ್ದಿದ್ದರೆ ಒಂದು ಮಳೆಗಾಲಕ್ಕೇ ಅಲ್ಲಿ ತುಕ್ಕು ಶುರು. ಜಾಳಿಗೆಯ ಕಣ್ಣು ಸಣ್ಣದಿರಲಿ. ಆಷಾಢದಲ್ಲಿ ಆಟ ಇರಲಿ ಬಿಡಲಿ, ದಿನಾ ಸ್ವಲ್ಪ ಹೊತ್ತು ಮಷಿನ್ ಚಾಲೂ ಮಾಡಿ ಒಳಗಿನ ಪಸೆ ಆರಿಸಲಿ.

ಇಲಿಯ ಮಾತು ನಗೆಯದಲ್ಲ. ಸೋವಿ ಕ್ಯಾಬಿನೆಟ್ಟಿನ ಹಿಂದೆ ಕಾರ್ಡ್ ಕೂರಿಸುವ ಜಾಗದ ಪಟ್ಟಿಗಳು ತಗಡಿಗೇ ಅಂಟಿಕೊಂಡಿರುತ್ತವೆ. ತಿರುಚಿ ಮುರಿದು ತೆಗೆಯಬೇಕು, ಒಮ್ಮೆ ಮುರಿದರೆ ಮತ್ತೆ ಕೂರುವುದಿಲ್ಲ. ತಪ್ಪು ಪಟ್ಟಿ ಮುರಿದರೆ ಶಾಶ್ವತವಾಗಿ ತೂತು. ಕಾಳಿನ ಚೀಲ ಇರುವ ಮನೆಯಲ್ಲಿ ಚಳಿಗಾಲದ ರಾತ್ರಿ ಆ ಬೆಚ್ಚನೆ ಪೆಟ್ಟಿಗೆಗೆ ಮರಿ ಇಲಿ ನುಗ್ಗಿದರೆ ವೈರು ಉಳಿಯುವುದಿಲ್ಲ. ಸ್ಕ್ರೂ ಹಾಕಿ ಮತ್ತೆ ಕೂರಿಸುವ ಪಟ್ಟಿ ಇರುವ ಕ್ಯಾಬಿನೆಟ್ಟಿಗೆ ಇನ್ನೂರು ಮುನ್ನೂರು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಇನ್ನು ಅಳತೆ. ನೀನು ತಗೊಳ್ಳುವ ಮದರ್‌ಬೋರ್ಡ್ ಮೈಕ್ರೊ ಎಟಿಎಕ್ಸ್ ಇರುತ್ತದೆ, ಹೆಚ್ಚೆಂದರೆ 244 ಮಿಲಿಮೀಟರ್ ಚೌಕ. ದೊಡ್ಡ ಎಟಿಎಕ್ಸ್ ಬೋರ್ಡು 305 ಗುಣಿಸು 244. ಮಿಡ್ ಟವರ್ ಕ್ಯಾಬಿನೆಟ್ಟಿನಲ್ಲಿ ಎರಡೂ ಕೂರುತ್ತವೆ. ಸಣ್ಣ ಬೋರ್ಡಿಗೆಂದೇ ಮಾಡಿದ ಗಿಡ್ಡ ಕ್ಯಾಬಿನೆಟ್ ತುಸು ಅಗ್ಗ, ಆದರೆ ಅದರಲ್ಲಿ ಹೆಚ್ಚಾಗಿ ಎದುರಿಗೆ ಎರಡೇ ಫ್ಯಾನಿಗೆ ಜಾಗ. ನಮ್ಮ ಬಿಸಿಲಿಗೆ ಮಿಡ್ ಟವರೇ ಇರಲಿ ಎನ್ನುತ್ತೇನೆ. ಎರಡು ಫ್ಯಾನಿನ ಆರ್‌ಎಕ್ಸ್ 6600 ಕಾರ್ಡು ಉದ್ದವೇನಲ್ಲ, ಆದರೂ ನಾಳೆ ದೊಡ್ಡ ಕಾರ್ಡ್ ಹಾಕುವ ದಿನ ಬರಬಹುದು. 300 ಮಿಲಿಮೀಟರಿಗಿಂತ ಹೆಚ್ಚು ಜಾಗ ಇದೆಯೇ ಕೇಳು. ಪ್ರೊಸೆಸರ್ ಜತೆ ಬರುವ ಕೂಲರ್ ಗಿಡ್ಡದು, ಅದಕ್ಕೆ ತೊಂದರೆಯಿಲ್ಲ. ಮುಂದೆ ಎತ್ತರದ ಟವರ್ ಕೂಲರ್ ಹಾಕಬೇಕೆಂದರೆ 160 ಮಿಲಿಮೀಟರ್ ಎತ್ತರಕ್ಕೆ ಪಕ್ಕದ ಗಾಜು ತಾಗಬಾರದು.

ಎಟಿಎಕ್ಸ್ ಅಳತೆಯನ್ನು ಇಂಟೆಲ್ ಕಂಪನಿ 1995ರಲ್ಲಿ ಹೊರತಂದದ್ದು, ಬೋರ್ಡಿನ ಸ್ಕ್ರೂ ಜಾಗ ಇವತ್ತಿಗೂ ಅದೇ. ಹೀಗಾಗಿ ನಿಮ್ಮ ಚಿಕ್ಕಪ್ಪನವರ ಮನೆಯ ಅಟ್ಟದ ಮೇಲೆ ಬಿದ್ದಿರುವ ಆ ಹಳೆಯ ಕ್ಯಾಬಿನೆಟ್ ಕೂಡ ಕೆಲಸಕ್ಕೆ ಬರಬಹುದು. ಬಿಡಿಭಾಗ ಜೋಡಿಸಿ ಮಾಡಿದ ಮಷಿನಿನದಾದರೆ ಮಾತ್ರ. ಡೆಲ್, ಎಚ್‌ಪಿ ಆಫೀಸ್ ಕಂಪ್ಯೂಟರುಗಳ ಪೆಟ್ಟಿಗೆಯಲ್ಲಿ ಬೋರ್ಡು, ಎಸ್‌ಎಂಪಿಎಸ್ ಅವರದೇ ಅಳತೆಯವು ಇರುವುದು ಹೆಚ್ಚು, ಅದಕ್ಕೆ ಕೈ ಹಾಕಬೇಡ. ತಗಡು ಗಟ್ಟಿ ಇದ್ದರೆ ಒಳಗಿನದ್ದೆಲ್ಲ ಪೂರ್ತಿ ಬಿಚ್ಚಿ, ಬರೀ ಪೆಟ್ಟಿಗೆಯನ್ನು ವೆಲ್ಡಿಂಗ್ ಅಂಗಡಿಗೆ ಒಯ್ದು ಎದುರಿನ ತಗಡಿನಲ್ಲಿ 120 ಮಿಲಿಮೀಟರಿನ ಫ್ಯಾನಿಗೆ ಹೊಂದುವ ಎರಡು ದುಂಡು ತೂತು ಕೊರೆಸು, ಅಂಚಿಗೆ ಕಾನಸು ಹೊಡೆಸು, ಕಿಟಕಿಗೆ ಹಾಕುವ ಸೊಳ್ಳೆ ಜಾಳಿಗೆ ಬಿಗಿದು ಫ್ಯಾನು ಕೂರಿಸು. ಕಬ್ಬಿಣದ ಚೂರು ಒಂದೂ ಉಳಿಯದಂತೆ ಒರೆಸಬೇಕು, ಒಂದು ಚೂರು ಬೋರ್ಡಿನ ಕೆಳಗೆ ಸೇರಿದರೂ ಶಾರ್ಟ್ ಆಗುತ್ತದೆ. ನೋಡಲು ಚೆಂದ ಅನಿಸದಿದ್ದರೂ ಗಾಜಿನ ಮುಖದ ಹೊಸ ಕ್ಯಾಬಿನೆಟ್ಟಿಗಿಂತ ತಂಪಾಗಿರುತ್ತದೆ.

ಹೊಸದೇ ಬೇಕೆಂದರೆ 3,000ದಿಂದ 4,500 ರೂಪಾಯಿ ಒಳಗೆ ನಿನ್ನ ಕೆಲಸ ಆಗುತ್ತದೆ. ಆಂಟ್ ಇಸ್ಪೋರ್ಟ್ಸ್, ಡೀಪ್‌ಕೂಲ್, ಕೂಲರ್ ಮಾಸ್ಟರ್, ಜೆಬ್ರಾನಿಕ್ಸ್ ಹೆಸರು ನಿನಗೆ ಗೊತ್ತಿರುವವೇ. ಒಂದೇ ಕಂಪನಿ ಗಾಜಿನ ಮುಖದ್ದನ್ನೂ ಮಾರುತ್ತದೆ, ಜಾಳಿಗೆ ಮುಖದ್ದನ್ನೂ ಮಾರುತ್ತದೆ. ಹೆಸರು ನೋಡಬೇಡ, ಮುಖ ನೋಡು. ಫ್ಯಾನು ಜತೆಗೇ ಬರುತ್ತದೆಯೇ, ಎಷ್ಟು ಬರುತ್ತದೆ, ಅದರ ವೈರು ಮದರ್‌ಬೋರ್ಡಿಗೆ ಹೋಗುತ್ತದೆಯೇ ಅಥವಾ ಎಸ್‌ಎಂಪಿಎಸ್‌ನ ದೊಡ್ಡ ನಾಲ್ಕು ಪಿನ್ನಿನ ಕನೆಕ್ಟರಿಗೆ ಹೋಗುತ್ತದೆಯೇ ಕೇಳು. ಎರಡನೆಯ ತರಹದ್ದು ಸದಾ ಪೂರ್ತಿ ವೇಗದಲ್ಲಿ ತಿರುಗುತ್ತದೆ, ಇಳಿಸಲು ಬರುವುದಿಲ್ಲ. ರಾತ್ರಿ ನೀನು ಆಡುವಾಗ ಮನೆಮಂದಿಯ ನಿದ್ದೆ ಕೆಡುತ್ತದೆ. ನೀನು ಮೆಚ್ಚಿದಂಥ ಪೂರ್ತಿ ಗಾಜಿನ ಕ್ಯಾಬಿನೆಟ್ಟುಗಳಲ್ಲಿ ಎಷ್ಟೋ ಸಲ ಫ್ಯಾನೇ ಇರುವುದಿಲ್ಲ, ಅದಕ್ಕೆ ಬೇರೆ ರೊಕ್ಕ ಎಣಿಸಬೇಕು. ಹುಬ್ಬಳ್ಳಿಗೆ ಬಂದು ಕೈಯಿಂದ ಮುಟ್ಟಿ ತಗೋ. ಪಕ್ಕದ ತಗಡನ್ನು ಹೆಬ್ಬೆರಳಿನಿಂದ ಒತ್ತು, ಒಳಗೆ ಬಾಗಿ ಟಪ್ ಎಂದರೆ ತೆಳು ತಗಡು, ಫ್ಯಾನಿನ ಜತೆ ತಾನೂ ಗುಂಯ್‌ಗುಡುತ್ತದೆ. ಸ್ಕ್ರೂ ಒಂದನ್ನು ಬಿಚ್ಚಿ ಮತ್ತೆ ತಿರುಗಿಸಿ ಆಟೆ ಕೂರುತ್ತದೆಯೇ ನೋಡು. ಕೆಳಗಿನ ಕಾಲು ಎತ್ತರ ಇರಲಿ, ಬೆರಳು ಸಲೀಸಾಗಿ ತೂರಬೇಕು, ಎಸ್‌ಎಂಪಿಎಸ್ ಉಸಿರಾಡುವುದು ಅಲ್ಲಿಂದ.

“ಎಸ್‌ಎಂಪಿಎಸ್ ಸಮೇತ ಇಷ್ಟು” ಎಂದು ಅಂಗಡಿಯವರು ಹೇಳಿದರೆ ಕೈ ಮುಗಿದು ಮುಂದೆ ನಡೆ. ಜತೆಗೆ ಬರುವ ಆ ಸೋವಿ ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಎಂದು ಬರೆದಿರುತ್ತದೆ, ಆದರೆ ಕಾರ್ಡಿಗೆ ಬೇಕಾದ 8 ಪಿನ್ನಿನ ವೈರೇ ಅದರಲ್ಲಿ ಇರುವುದಿಲ್ಲ. ಅದು ಸುಟ್ಟರೆ ತಾನೊಂದೇ ಹೋಗುವುದಿಲ್ಲ, ಬೋರ್ಡು, ಕಾರ್ಡು ಜತೆಗೆ ಕರೆದುಕೊಂಡು ಹೋಗುತ್ತದೆ. ಕ್ಯಾಬಿನೆಟ್ಟಿನಲ್ಲಿ ಉಳಿಸಿದ ಮೂರು ನಾಲ್ಕು ಸಾವಿರವನ್ನು ಒಳ್ಳೆಯ ಎಸ್‌ಎಂಪಿಎಸ್‌ಗೆ ಹಾಕು: 550 ವ್ಯಾಟ್, 80 ಪ್ಲಸ್ ಬ್ರಾಂಜ್ ಗುರುತು, ಲೇಬಲ್ಲಿನ ಮೇಲೆ 100ರಿಂದ 240 ವೋಲ್ಟ್ ಎಂದಿರಬೇಕು. ಹಿಟ್ಟಿನ ಗಿರಣಿಯ ಮೋಟಾರು ಶುರುವಾದಾಗ ನಿಮ್ಮ ಓಣಿಯ ದೀಪ ಮಂಕಾಗುತ್ತದೆ ಎಂದಿದ್ದೆಯಲ್ಲ, ಆಗಲೂ ಇಂಥದ್ದು ಜಗ್ಗುವುದಿಲ್ಲ. ಅಪ್ಪನವರಿಗೂ ಹೀಗೆಯೇ ಹೇಳು: ಡಬ್ಬಿಗೆ ಕಡಿಮೆ, ಡಬ್ಬಿಯೊಳಗಿನ ಕರೆಂಟಿಗೆ ಹೆಚ್ಚು.

ಕರೆಂಟಿನ ಮಾತು ಬಂದಾಗ ಇದೊಂದನ್ನು ಮನಸ್ಸಿಟ್ಟು ಓದು. ಎಷ್ಟೋ ಹಳ್ಳಿ ಮನೆಯಲ್ಲಿ ಕಂಪ್ಯೂಟರ್ ಪೆಟ್ಟಿಗೆ ಮುಟ್ಟಿದರೆ ಕೈ ಜುಮ್ ಎನ್ನುತ್ತದೆ. ಟೆಸ್ಟರ್ ಇಟ್ಟರೆ ಮಂದವಾಗಿ ಹತ್ತುತ್ತದೆ. “ಎಲ್ಲಾ ಕಂಪ್ಯೂಟರ್ ಹಂಗs” ಎಂದು ಬಿಡುತ್ತಾರೆ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳಿಂದ ಸಣ್ಣ ಸೋರಿಕೆ ತಗಡಿನ ಮೈಗೆ ಬರುತ್ತದೆ, ಅರ್ಥಿಂಗ್ ಇದ್ದರೆ ಅದು ನೆಲಕ್ಕೆ ಇಳಿದು ಹೋಗುತ್ತದೆ, ಇಲ್ಲದಿದ್ದರೆ ನಿನ್ನ ಕೈಗೆ ಬರುತ್ತದೆ. ಇವತ್ತು ಬರೀ ಜುಮ್ ಎನ್ನುವುದು, ನಾಳೆ ಒಳಗೆ ನಿಜವಾದ ಶಾರ್ಟ್ ಆದರೆ ಜೀವಕ್ಕೆ ಕುತ್ತು. ಎರೆಮಣ್ಣು ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ, ಅರ್ಥಿಂಗ್ ಪೈಪಿನಿಂದ ದೂರ ಸರಿಯುತ್ತದೆ. ಮಳೆಗಾಲದಲ್ಲಿ ಸರಿಯಿದ್ದ ಅರ್ಥಿಂಗ್ ಮಾರ್ಚ್‌ನಲ್ಲಿ ಸತ್ತಿರಬಹುದು. ಅರ್ಥಿಂಗ್ ಗುಂಡಿಗೆ ಬೇಸಿಗೆ ಪೂರ್ತಿ ನೀರು ಹಾಕುತ್ತಿರಿ. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನು ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ಹಾಕುವ ಕೆಲಸ ಯಾವತ್ತೂ ಬೇಡ. ಮನೆಯಲ್ಲಿ ತಂಗಿ ಇದ್ದಾಳೆ, ಬರಿಗಾಲಿನಲ್ಲಿ ಓಡಾಡುತ್ತಾಳೆ.

ಮನೆಗೆ ಒಯ್ಯುವುದು ಹೇಗೆ ಎಂದೂ ಹೇಳಿಬಿಡುತ್ತೇನೆ. ಹುಬ್ಬಳ್ಳಿಯಲ್ಲೇ ಜೋಡಿಸಿಕೊಂಡು ಬಸ್ಸಿನಲ್ಲಿ ಒಯ್ಯುವುದಾದರೆ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಅದರ ಬಾಕ್ಸಿನಲ್ಲೇ ಇಟ್ಟುಕೋ. ದಾರಿಯ ಕುಲುಕಾಟಕ್ಕೆ ಅದರ ಭಾರ ಬೋರ್ಡಿನ ಸ್ಲಾಟನ್ನು ಬಗ್ಗಿಸುತ್ತದೆ. ಪಕ್ಕದ ಗಾಜನ್ನೂ ಬಿಚ್ಚಿ ಕೌದಿಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೋ. ರೈಲಿನಲ್ಲಿ ಬಂದು ಅಣ್ಣಿಗೇರಿ ಸ್ಟೇಶನ್ನಿನಲ್ಲಿ ಇಳಿಯುವುದು ಇನ್ನೂ ಒಳ್ಳೆಯದು, ಕುಲುಕಾಟ ಕಡಿಮೆ. ಟೆಂಪರ್ಡ್ ಗಾಜಿನ ನಡುವೆ ಗುದ್ದಿದರೂ ತಡೆಯುತ್ತದೆ, ಅಂಚು ಟೈಲ್ಸ್ ನೆಲಕ್ಕೆ ಮೆಲ್ಲಗೆ ತಾಗಿದರೂ ಪುಡಿಪುಡಿ ಆಗಬಹುದು. ಬಿಚ್ಚಿದಾಗಲೆಲ್ಲ ಹಾಸಿಗೆಯ ಮೇಲೆ ಮಲಗಿಸು. ಥರ್ಮಾಕೋಲ್ ಸಮೇತ ಬಾಕ್ಸು ಎಸೆಯಬೇಡ.

ಇಡುವ ಜಾಗ ನೆಲವಲ್ಲ. ಒಂದು ಮೊಣಕಾಲೆತ್ತರದ ಸ್ಟೂಲಿನ ಮೇಲೆ, ಹಿಂದಿನ ಗೋಡೆಯಿಂದ ಗೇಣು ದೂರ ಇರಲಿ. ನೆಲದ ಹತ್ತಿರ ಕಸ ಗುಡಿಸಿದ ಧೂಳೆಲ್ಲ ಅದಕ್ಕೇ. ಮನೆಗೆ ನೀರು ನುಗ್ಗಿದರೂ ಮೊದಲು ನೆನೆಯುವುದು ನೆಲದ ಮೇಲಿದ್ದದ್ದೇ. 2019ರ ಆಗಸ್ಟಿನಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿದ್ದನ್ನು ಕಂಡ ನವಲಗುಂದದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟ್ರೆಜರಿ ಕಪಾಟಿನೊಳಗೋ ಗೋಡೆಯ ಮಾಡದೊಳಗೋ ತುರುಕಬೇಡ, ಹೊರಗೆ ಹಾಕಿದ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಸ್ವಚ್ಛ ಮಾಡಲು ಪಂಕ್ಚರ್ ಅಂಗಡಿಯ ಗಾಳಿ ಬೇಡ, ಅದರ ಟಾಂಕಿಯಲ್ಲಿ ನೀರಿನ ಪಸೆ ಇರುತ್ತದೆ, ಒತ್ತಡವೂ ಅತಿ. ಸಣ್ಣ ಕೈ ಬ್ಲೋವರ್ ಸಾಕು, ಊದುವಾಗ ಫ್ಯಾನಿನ ರೆಕ್ಕೆ ಬೆರಳಿನಿಂದ ಹಿಡಿದುಕೋ.

ಆಟಕ್ಕೆ ಇಷ್ಟು ಖರ್ಚೇ ಎಂದು ಊರಲ್ಲಿ ನಾಲ್ಕು ಮಂದಿ ಅಂದಾರು. ಹಗಲೆಲ್ಲ ಹೊಲದಲ್ಲಿ ದುಡಿದವನು ರಾತ್ರಿ ಒಂದು ತಾಸು ಆಡಿದರೆ ಯಾರ ಗಂಟೂ ಹೋಗುವುದಿಲ್ಲ. ಅದೇ ಮಷಿನಿನಲ್ಲಿ ನಿನ್ನ ಡಿಪ್ಲೊಮಾದ ಡ್ರಾಯಿಂಗ್ ನಡೆಯುತ್ತದೆ, ತಂಗಿಯ ಓದು ನಡೆಯುತ್ತದೆ. ಧೂಳಿಗೆ ಕೆಡದಂತೆ ನೋಡಿಕೊಂಡರೆ ಆರೇಳು ವರ್ಷ ಬಾಳುವ ವಸ್ತು.

ಹುಬ್ಬಳ್ಳಿಗೆ ಹೊರಡುವ ಮುನ್ನ ಎರಡು ಕೆಲಸ ಮಾಡು. ಗೊತ್ತು ಮಾಡಿಕೊಂಡ ಮದರ್‌ಬೋರ್ಡಿನ ಮಾದರಿ, ಕಾರ್ಡಿನ ಉದ್ದ, ಕ್ಯಾಬಿನೆಟ್ಟಿನ ಪೂರ್ತಿ ಹೆಸರು ಬರೆದು ನನಗೆ ಕಳಿಸು, ಹೊಂದುತ್ತವೆಯೋ ಇಲ್ಲವೋ ನೋಡಿ ಹೇಳುತ್ತೇನೆ. ಮತ್ತು ಊರಿನ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಅರ್ಥಿಂಗ್ ನೋಡಿಸು. ಅದು ಸರಿಯಾಗುವ ತನಕ ಒಂದು ಸ್ಕ್ರೂ ಕೂಡ ಕೊಳ್ಳಬೇಡ. ಅಂಗಡಿಯಲ್ಲಿ ಪ್ರತಿ ಭಾಗಕ್ಕೂ ಜಿಎಸ್‌ಟಿ ಬಿಲ್ಲು ಕೇಳಿ ತಗೋ, ವಾರಂಟಿ ಕೇಳಲು ಅದೇ ಆಧಾರ.



ನಿನ್ನ ಅಣ್ಣ